ಗೇಟಿನೊಳಗೆ ಯಾರ ಮಕ್ಕಳು?

ಓದು ಬರಹ ಇಲ್ಲದ ಮನೆಗಳಿಂದ ಮೊದಲ ಸಲ ಡಿಗ್ರಿ ತಗೊಂಡು ಬಂದವರು ನಾವು. ವಿಶ್ವವಿದ್ಯಾಲಯ ಅಂದ ಕೂಡಲೆ ನಮಗೆ ನೆನಪಾಗುವುದು ಅದರ ಲೈಬ್ರರಿಯಲ್ಲ, ಅದರ ಗೇಟು. ಆ ಗೇಟಿನ ಮುಂದೆ ನಿಂತು ಮುದುರಿದ ನೋಟುಗಳನ್ನು ಎರಡೆರಡು ಸಲ ಎಣಿಸಿದ ಕೈ ನಮ್ಮದು. ಹಾಗಾಗಿ ಯಾವ ವಿದ್ಯಾಸಂಸ್ಥೆಯ ಚರಿತ್ರೆಯನ್ನಾದರೂ ನಾವು ಗೇಟಿನ ಕಡೆಯಿಂದಲೇ ಓದುತ್ತೇವೆ.

ಒಂದು ವಿಶ್ವವಿದ್ಯಾಲಯ ನಾಲ್ಕಾರು ದೇಶಗಳಲ್ಲಿ ಶಾಖೆ ತೆರೆದರೆ ಅದನ್ನು ಮಹಾ ಸಾಧನೆ ಎಂದು ಹೊಗಳುವ ಕಾಲ ಇದು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ವಾಣಿಜ್ಯ ಮತ್ತು ಅರ್ಥಶಾಸ್ತ್ರ ಫ್ಯಾಕಲ್ಟಿ ಅಂಥದೊಂದು. ಮೆಲ್ಬರ್ನಿನಲ್ಲಿ ಹುಟ್ಟಿ ಮಲೇಷ್ಯಾ, ದಕ್ಷಿಣ ಆಫ್ರಿಕಾ, ಇಂಡೋನೇಷ್ಯಾಗಳಿಗೆ ಹೋಯಿತು. ಎಷ್ಟು ದೇಶ ಎಂಬ ಲೆಕ್ಕವನ್ನು ಅವರು ಇಟ್ಟುಕೊಳ್ಳಲಿ. ಯಾರ ಮಕ್ಕಳು ಒಳಗೆ ಹೋದರು, ಯಾರ ಮಕ್ಕಳು ಹೊರಗೇ ಉಳಿದರು ಎಂಬ ಲೆಕ್ಕವನ್ನು ನಾವು ಕೇಳಬೇಕು.

1958ರಲ್ಲಿ ವಿಕ್ಟೋರಿಯಾ ರಾಜ್ಯದ ಶಾಸನಸಭೆ ಕಾಯಿದೆ ಮಾಡಿ ಈ ವಿಶ್ವವಿದ್ಯಾಲಯವನ್ನು ಹುಟ್ಟಿಸಿತು. ಹಿಂದಿನ ವರ್ಷವಷ್ಟೇ ಮರ್ರೆ ಸಮಿತಿ ವರದಿ ಕೊಟ್ಟಿತ್ತು. ವಿಶ್ವವಿದ್ಯಾಲಯಗಳಿಗೆ ಕೇಂದ್ರ ಸರ್ಕಾರ ಹಣ ಸುರಿಯಲು ಒಪ್ಪಿತ್ತು. 1961ರ ಮಾರ್ಚಿನಲ್ಲಿ ಕ್ಲೇಟನ್ನಿನ ಕೆಸರಿನಲ್ಲಿ, ಅರ್ಧಂಬರ್ಧ ಕಟ್ಟಡಗಳಲ್ಲಿ ಪಾಠ ಶುರುವಾಯಿತು. ಮೊದಲ ವರ್ಷ ಸೇರಿದವರು ನಾನೂರಕ್ಕೂ ಕಡಿಮೆ. ಅರ್ಥಶಾಸ್ತ್ರ ಮತ್ತು ರಾಜಕೀಯ ಎರಡನ್ನೂ ಸೇರಿಸಿ ಒಂದು ಫ್ಯಾಕಲ್ಟಿ ಮಾಡಿದರು. ಸಂಖ್ಯಾಶಾಸ್ತ್ರದಲ್ಲಿ ಹೆಸರು ಮಾಡಿದ್ದ ಡೊನಾಲ್ಡ್ ಕಾಕ್ರೇನ್ ಅದರ ಮೊದಲ ಡೀನ್. ಆ ಹೆಸರನ್ನು ಗಮನಿಸಿ: ಅರ್ಥಶಾಸ್ತ್ರದ ಪಕ್ಕದಲ್ಲಿ ರಾಜಕೀಯ ಇತ್ತು. ಹಣದ ಮಾತಾಡುವಾಗ ಅಧಿಕಾರದ ಮಾತನ್ನೂ ಆಡಬೇಕು ಎಂಬ ಅರಿವು ಆ ಹೆಸರಲ್ಲಿತ್ತು.

ಆದರೆ ಅದು ನಿಂತ ನೆಲ ಯಾರದು? ಕುಲಿನ್ ಬುಡಕಟ್ಟುಗಳದು. ಆಮೇಲೆ ಅಲ್ಲಿ ಮೂರ್ಛೆರೋಗಿಗಳನ್ನು ಊರಿಂದ ದೂರ ಇಡುವ ಟಾಲ್ಬಟ್ ಕಾಲೊನಿ ಇತ್ತು. ಊರಾಚೆಗೆ ತಳ್ಳಿಸಿಕೊಂಡವರ ನೆಲದ ಮೇಲೆ ವಿದ್ಯೆಯ ಗುಡಿ ಎದ್ದಿತು. ಬಿಳಿಯರಲ್ಲದವರನ್ನು ದೇಶದೊಳಕ್ಕೆ ಬಿಡದ 1901ರ ವಲಸೆ ನೀತಿ ಆಗಿನ್ನೂ ಪೂರ್ತಿ ಸತ್ತಿರಲಿಲ್ಲ. ಅದು ಮುಗಿದದ್ದು 1973ರಲ್ಲಿ. ಮೂಲನಿವಾಸಿಗಳನ್ನು ದೇಶದ ಜನರ ಲೆಕ್ಕಕ್ಕೇ ಸೇರಿಸದ ಕಲಮು ಸಂವಿಧಾನದಲ್ಲಿತ್ತು. 1967ರ ಜನಮತಗಣನೆ ಅದನ್ನು ಕಿತ್ತುಹಾಕಿತು. ಮೊನಾಶ್‌ನಲ್ಲಿ 1964ರಲ್ಲೇ ಮೂಲನಿವಾಸಿಗಳ ಬಗ್ಗೆ ಸಂಶೋಧನೆ ಮಾಡುವ ಕೇಂದ್ರ ಬಂತು. ಅವರ ಮಕ್ಕಳು ಡಿಗ್ರಿಗೆ ಸೇರಲು ಅವರಿಗಾಗಿಯೇ ಸಿದ್ಧತಾ ಕೋರ್ಸು ಬಂದದ್ದು 1984ರಲ್ಲಿ. ಮೊದಲು ಅವರ ಮೇಲೆ ಪ್ರಬಂಧ; ಇಪ್ಪತ್ತು ವರ್ಷ ಕಳೆದ ಮೇಲೆ ಅವರಿಗೆ ಬೆಂಚು. ಈ ಕ್ರಮ ನಮಗೆ ಹೊಸದೇನಲ್ಲ.

ಒಳಗೆ ಹೋದ ಹುಡುಗರೆಲ್ಲ ಬಾಯಿ ಮುಚ್ಚಿಕೊಂಡು ಕೂರಲಿಲ್ಲ, ಅದನ್ನೂ ಹೇಳಬೇಕು. 1967ರಲ್ಲಿ ಆಸ್ಟ್ರೇಲಿಯಾ ತನ್ನ ಸೈನಿಕರನ್ನು ವಿಯೆಟ್ನಾಮಿಗೆ ಕಳಿಸಿ ಅಮೆರಿಕಾದ ಜೊತೆ ನಿಂತಿದ್ದಾಗ, ಮೊನಾಶ್‌ನ ಲೇಬರ್ ಕ್ಲಬ್ಬಿನ ವಿದ್ಯಾರ್ಥಿಗಳು ವಿಯೆಟ್ನಾಮಿನ ವಿಮೋಚನಾ ರಂಗಕ್ಕೆ ಚಂದಾ ಎತ್ತಿದರು. ಹುಡುಗರ ಡಬ್ಬಿಯ ಚಿಲ್ಲರೆಗೆ ಸರ್ಕಾರ ಹೆದರಿತು. ಅದನ್ನು ತಡೆಯಲಿಕ್ಕೇ ಪಾರ್ಲಿಮೆಂಟು ಕಾಯಿದೆ ಮಾಡಿತು. 1974ರಲ್ಲಿ ವಿಟ್ಲಮ್ ಸರ್ಕಾರ ವಿಶ್ವವಿದ್ಯಾಲಯದ ಫೀಜನ್ನೇ ರದ್ದು ಮಾಡಿತು. ಗೇಟು ಅಷ್ಟು ಅಗಲವಾಗಿ ತೆರೆದದ್ದು ಆ ದೇಶದ ಚರಿತ್ರೆಯಲ್ಲಿ ಅದೇ ಮೊದಲು.

ತೆರೆದ ಗೇಟು ಹದಿನೈದು ವರ್ಷ ಉಳಿಯಿತು. 1989ರಲ್ಲಿ ಫೀಜು ಸಾಲದ ವೇಷದಲ್ಲಿ ವಾಪಸು ಬಂತು: ವರ್ಷಕ್ಕೆ 1800 ಡಾಲರು, ಈಗ ಓದು, ಸಂಬಳ ಬಂದ ಮೇಲೆ ತೀರಿಸು. ಅದಕ್ಕೂ ಮೊದಲೇ ವಿದೇಶಿ ವಿದ್ಯಾರ್ಥಿಗಳಿಂದ ಪೂರ್ತಿ ಶುಲ್ಕ ತೆಗೆದುಕೊಳ್ಳಲು ಬಾಗಿಲು ತೆರೆದಿದ್ದರು. 1951ರಿಂದ ಕೊಲಂಬೊ ಯೋಜನೆಯಲ್ಲಿ ಏಷ್ಯಾದ ಹುಡುಗರು ನೆರವಿನ ಹೆಸರಲ್ಲಿ ಬರುತ್ತಿದ್ದರು. ಈಗ ಅವರ ತಮ್ಮಂದಿರು ಗಿರಾಕಿಗಳಾಗಿ ಬಂದರು. ನೆರವು ವ್ಯಾಪಾರವಾಯಿತು. ವ್ಯಾಪಾರ ಅಂದ ಮೇಲೆ ಯಾವ ಸರಕು ಹೆಚ್ಚು ಬಿಕರಿಯಾಗುತ್ತದೆ? ವ್ಯಾಪಾರ ಕಲಿಸುವ ಸರಕೇ.

1990ರಲ್ಲಿ ಚಿಶೊಮ್ ತಾಂತ್ರಿಕ ಸಂಸ್ಥೆಯೂ ಗಿಪ್ಸ್‌ಲ್ಯಾಂಡಿನ ಕಾಲೇಜೂ ಮೊನಾಶ್‌ನೊಳಗೆ ಸೇರಿದವು. ಚಿಶೊಮ್ ಜೊತೆಗೆ, ಒಬ್ಬ ಪತ್ರಿಕಾ ಧಣಿಯ ಹೆಸರಿನ ಡೇವಿಡ್ ಸೈಮ್ ಬಿಸಿನೆಸ್ ಸ್ಕೂಲೂ ಬಂತು. ಆ ದಶಕದ ಮೊದಲ ವರ್ಷಗಳಲ್ಲಿ ಎಲ್ಲವನ್ನೂ ಬೆಸೆದು ಬಿಸಿನೆಸ್ ಮತ್ತು ಅರ್ಥಶಾಸ್ತ್ರದ ಒಂದೇ ದೊಡ್ಡ ಫ್ಯಾಕಲ್ಟಿ ಮಾಡಿದರು. ಹೆಸರಿನಲ್ಲಿದ್ದ ರಾಜಕೀಯ ಸದ್ದಿಲ್ಲದೆ ಹೊರಗೆ ಹೋಯಿತು. ಈಗ ಅದು ಮೊನಾಶ್ ಬಿಸಿನೆಸ್ ಸ್ಕೂಲ್. ಅರ್ಥಶಾಸ್ತ್ರವೂ ಬೋರ್ಡಿನ ಮೇಲಿಲ್ಲ.

ಇಲ್ಲಿಂದ ಗಡಿ ದಾಟುವ ಕತೆ. ಮಲೇಷ್ಯಾ 1996ರಲ್ಲಿ ಖಾಸಗಿ ಉನ್ನತ ಶಿಕ್ಷಣದ ಕಾಯಿದೆ ಮಾಡಿತು. 1997ರಲ್ಲಿ ಏಷ್ಯಾದ ಹಣಕಾಸು ಕುಸಿದು ರಿಂಗಿಟ್ ನೆಲಕಚ್ಚಿತು. ಹೊರದೇಶದ ಓದು ಮಧ್ಯಮ ವರ್ಗಕ್ಕೂ ಎಟುಕದಾಯಿತು. 1998ರಲ್ಲಿ ಮೊನಾಶ್ ಅಲ್ಲಿನ ಸನ್‌ವೇ ಎಂಬ ಕಂಪನಿ ಗುಂಪಿನ ಜೊತೆ ಸೇರಿ, ಕೌಲಾಲಂಪುರದ ಪಕ್ಕ, ಹಿಂದೆ ತವರದ ಗಣಿಯಿದ್ದ ಜಾಗದಲ್ಲಿ ಕ್ಯಾಂಪಸ್ಸು ತೆರೆಯಿತು. ಆ ದೇಶದಲ್ಲಿ ಅದೇ ಮೊದಲ ವಿದೇಶಿ ಕ್ಯಾಂಪಸ್ಸು.

ಮಲೇಷ್ಯಾದಲ್ಲಿ 1969ರ ಗಲಭೆಯ ನಂತರ 1971ರಲ್ಲಿ ಹೊಸ ಆರ್ಥಿಕ ನೀತಿ ಬಂದು, ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಮಲಯ ಜನರಿಗೆ ಕೋಟಾ ಸಿಕ್ಕಿತು. ನಮ್ಮಲ್ಲಿ ಮೀಸಲಾತಿಯನ್ನು ಹಳಿಯುವವರು ಇದನ್ನು ಎತ್ತಿ ತೋರಿಸಬಹುದು. ತೋರಿಸಲಿ. ಅಲ್ಲಿ ಅಧಿಕಾರ ಹಿಡಿದ ಬಹುಸಂಖ್ಯಾತರು ತಮಗೇ ಕೊಟ್ಟುಕೊಂಡದ್ದು ಅದು; ಸಾವಿರ ವರ್ಷ ಅಕ್ಷರ ಮುಟ್ಟಗೊಡದವರಿಗೆ ಕೊಟ್ಟದ್ದಲ್ಲ. ನಾವು ನೋಡಬೇಕಾದದ್ದು ಬೇರೆ. ಕೋಟಾದ ಹೊರಗೆ ಉಳಿದವರಲ್ಲಿ ಎರಡು ಥರ. ಕಾಸಿದ್ದವರು ಖಾಸಗಿ ಸೀಟು ಕೊಂಡರು. ಇನ್ನೊಬ್ಬರು ರಬ್ಬರ್ ತೋಟದ ಲೈನು ಮನೆಯವರು. ಬ್ರಿಟಿಷರ ಕಾಲದಲ್ಲಿ ಕಂಗಾಣಿಗಳು ತಮಿಳು ನೆಲದಿಂದ ಕರೆದೊಯ್ದ ಕೂಲಿಗಳ ಮಕ್ಕಳು, ಮೊಮ್ಮಕ್ಕಳು. ಅವರಲ್ಲಿ ಬಹಳ ಮಂದಿ ನಮ್ಮ ಹಾಗೆಯೇ ಹೊಲಗೇರಿಗಳಿಂದ ಹೋದವರು. ತೋಟಗಳನ್ನು ಒಡೆದು ಬಡಾವಣೆ ಮಾಡಿದಾಗ ಅವರಿಗೆ ಕೆಲಸವೂ ಹೋಯಿತು, ಮನೆಯೂ ಹೋಯಿತು. ಅವರಿಗೆ ಕೋಟಾ ಇಲ್ಲ, ಕಾಸೂ ಇಲ್ಲ. ಗಡಿ ದಾಟಿ ಬಂದ ವಿಶ್ವವಿದ್ಯಾಲಯ ಅವರ ಹೊಸ್ತಿಲು ದಾಟಲಿಲ್ಲ.

ದಕ್ಷಿಣ ಆಫ್ರಿಕಾದ ಕತೆಯೂ ಹೀಗೆಯೇ. ಕಪ್ಪು ಜನರನ್ನು ಬಿಳಿಯರ ವಿಶ್ವವಿದ್ಯಾಲಯಗಳಿಂದ ಹೊರಗಿಟ್ಟ ಕಾಯಿದೆ ಅಲ್ಲಿ ಬಂದದ್ದು 1959ರಲ್ಲಿ, ಮೊನಾಶ್ ಹುಟ್ಟಿದ ಮರುವರ್ಷ. 1976ರಲ್ಲಿ ಸೊವೆಟೊದ ಶಾಲಾಮಕ್ಕಳು ಪಾಠದ ಭಾಷೆಯ ಪ್ರಶ್ನೆಗೆ ಗುಂಡು ತಿಂದರು. 1994ರಲ್ಲಿ ವರ್ಣಭೇದದ ರಾಜ್ಯ ಬಿತ್ತು. 2001ರಲ್ಲಿ ಮೊನಾಶ್ ಜೊಹಾನ್ಸ್‌ಬರ್ಗಿನ ಪಶ್ಚಿಮಕ್ಕೆ, ಸೊವೆಟೊದಿಂದ ಬಹಳ ದೂರವಲ್ಲದ ರೂಡೆಪೂರ್ಟಿನಲ್ಲಿ ಕ್ಯಾಂಪಸ್ಸು ತೆರೆಯಿತು. ಗೇಟಿನ ಮೇಲೆ ಬಣ್ಣದ ಬೋರ್ಡು ಇರಲಿಲ್ಲ, ಫೀಜಿನ ಬೋರ್ಡು ಇತ್ತು. 2013ರಲ್ಲಿ ಅದರ ದೊಡ್ಡ ಪಾಲನ್ನು ಅಮೆರಿಕಾದ ಲಾರಿಯೇಟ್ ಎಂಬ ಶಿಕ್ಷಣ ಕಂಪನಿ ಹಿಡಿಯಿತು. 2015ರಲ್ಲಿ ಆ ದೇಶದ ವಿದ್ಯಾರ್ಥಿಗಳೆಲ್ಲ ಫೀಜು ಇಳಿಯಲೇಬೇಕೆಂದು ಬೀದಿಗಿಳಿದು, ಮರುವರ್ಷದ ಏರಿಕೆಯನ್ನು ಸರ್ಕಾರ ಕೈಬಿಡುವ ಹಾಗೆ ಮಾಡಿದರು. 2019ರಲ್ಲಿ ಮೊನಾಶ್‌ನ ಆ ಕ್ಯಾಂಪಸ್ಸು ಅಲ್ಲಿನದೇ ಮತ್ತೊಂದು ಖಾಸಗಿ ಕಂಪನಿಯ ಪಾಲಾಯಿತು. ವಿಶ್ವವಿದ್ಯಾಲಯವನ್ನೂ ಅಂಗಡಿಯ ಹಾಗೆ ಮಾರಿ ಹೋಗಬಹುದು! 2021ರಲ್ಲಿ ಇಂಡೋನೇಷ್ಯಾದಲ್ಲಿ, ಜಕಾರ್ತಾದ ಹೊರಗೆ ಡೆವಲಪರುಗಳು ಕಟ್ಟಿದ ಹೊಸ ಪಟ್ಟಣದಲ್ಲಿ, ಇನ್ನೊಂದು ಕ್ಯಾಂಪಸ್ಸು ತೆರೆಯಿತು.

ಇದರ ನಡುವೆ ತನ್ನ ಮನೆಯಲ್ಲೇ ಒಂದು ಗೇಟನ್ನು ಮೊನಾಶ್ ಬಿಟ್ಟುಕೊಟ್ಟ ಸಂಗತಿ ಇದೆ. ಜಾನ್ ಮೊನಾಶ್, ಯಾರ ಹೆಸರು ಈ ವಿಶ್ವವಿದ್ಯಾಲಯಕ್ಕಿದೆಯೋ ಆತ, ವಲಸೆ ಬಂದ ಯಹೂದಿ ಮನೆಯ ಮಗ, ಎಂಜಿನಿಯರು, ದಂಡನಾಯಕ. ಯುದ್ಧ ಮುಗಿದ ಮೇಲೆ ರಾಜ್ಯದ ವಿದ್ಯುತ್ ಮಂಡಳಿಯ ಮುಖ್ಯಸ್ಥನಾಗಿ ಲಾಟ್ರೋಬ್ ಕಣಿವೆಯ ಕಂದು ಕಲ್ಲಿದ್ದಲಿನಿಂದ ಮೆಲ್ಬರ್ನಿಗೆ ಬೆಳಕು ಕೊಟ್ಟವನು. 1990ರ ದಶಕದಲ್ಲಿ ಆ ವಿದ್ಯುತ್ತನ್ನು ಖಾಸಗಿಯವರಿಗೆ ಮಾರಿದಾಗ ಕಣಿವೆಯ ಸಾವಿರಾರು ಕಾರ್ಮಿಕರ ಕೆಲಸ ಹೋಯಿತು. ಆ ಕಾರ್ಮಿಕರ ಮಕ್ಕಳ ಹತ್ತಿರ ಇದ್ದ ಗಿಪ್ಸ್‌ಲ್ಯಾಂಡ್ ಕ್ಯಾಂಪಸ್ಸನ್ನು 2014ರಲ್ಲಿ ಮೊನಾಶ್ ಬೇರೊಂದು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿ ಕೈತೊಳೆದುಕೊಂಡಿತು. ಸಮುದ್ರ ದಾಟಬಲ್ಲ ಸಂಸ್ಥೆಗೆ ಕಲ್ಲಿದ್ದಲಿನ ಕಣಿವೆ ದೂರವಾಯಿತೆ?

ಹಾಗಂತ ಅಲ್ಲಿನ ವಿದ್ಯೆಯನ್ನೆಲ್ಲ ಬೂರ್ಜ್ವಾ ಕಸ ಎಂದು ಗುಡಿಸಿಹಾಕಲು ನಾವು ಸಿದ್ಧರಿಲ್ಲ. ಇದೇ ಫ್ಯಾಕಲ್ಟಿಯಲ್ಲಿ 1988ರಿಂದ ಯಾಂಗ್ ಶಿಯಾವೊಕಾಯ್ ಎಂಬ ಚೀನಾದ ಮೇಷ್ಟ್ರು ಇದ್ದರು. ಹತ್ತೊಂಬತ್ತರ ವಯಸ್ಸಿನಲ್ಲಿ, 1968ರಲ್ಲಿ, ಚೀನಾದಲ್ಲೇ ಹೊಸ ಅಧಿಕಾರಿ ವರ್ಗವೊಂದು ಎದ್ದಿದೆ ಎಂದು ಬರೆದದ್ದಕ್ಕೆ ಹತ್ತು ವರ್ಷ ಜೈಲು ಕಂಡವರು. ಜೈಲಿನಲ್ಲಿದ್ದ ವಿದ್ವಾಂಸರನ್ನೇ ಗುರು ಮಾಡಿಕೊಂಡು ಗಣಿತ ಕಲಿತು, ಮುಂದೆ ಶ್ರಮವಿಭಜನೆಯ ಮೇಲೆ ಹೊಸ ಸಿದ್ಧಾಂತ ಕಟ್ಟಿದರು. 2004ರಲ್ಲಿ ತೀರಿಕೊಂಡರು. ಮಾರುಕಟ್ಟೆಯ ಬಗ್ಗೆ ಅವರ ನಂಬಿಕೆ ನಮ್ಮದಲ್ಲ. ಶ್ರಮದ ವಿಭಜನೆ ಬೇರೆ, ಶ್ರಮಿಕರ ವಿಭಜನೆ ಬೇರೆ ಎಂದು ಬಾಬಾಸಾಹೇಬರಿಂದ ಕಲಿತವರು ಅವರ ಲೆಕ್ಕಕ್ಕೆ ಹಲವು ಪ್ರಶ್ನೆ ಹಾಕಬಲ್ಲೆವು. ಆದರೆ ಆ ಪ್ರಶ್ನೆ ಹಾಕುವುದಕ್ಕೂ ಆ ಲೆಕ್ಕ ಗೊತ್ತಿರಬೇಕು. ಬಾಬಾಸಾಹೇಬರು ಕೊಲಂಬಿಯಾಕ್ಕೆ, ಲಂಡನ್ನಿಗೆ ಹೋಗಿ ಕಲಿತದ್ದು ಅರ್ಥಶಾಸ್ತ್ರವನ್ನೇ. 1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಪುಸ್ತಕ ಬರೆದರು. ಅವರನ್ನು ಅಲ್ಲಿಗೆ ಕಳಿಸಿದ್ದು ಬ್ಯಾಂಕಿನ ಸಾಲವಲ್ಲ, ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ.

ಹೋಗಬೇಡಿ ಅಂತ ನಮ್ಮ ತಮ್ಮ ತಂಗಿಯರಿಗೆ ನಾವು ಹೇಳುವುದಿಲ್ಲ. ಹೋಗಿ. ಅರ್ಥಶಾಸ್ತ್ರ ಕಲಿಯದೆ ನಮ್ಮ ಬಡತನದ ಲೆಕ್ಕವನ್ನು ಬೇರೆಯವರ ಕೈಗೇ ಬಿಟ್ಟವರು ನಾವು, ಇನ್ನು ಬಿಡಬಾರದು. ಆದರೆ ಒಳಗೆ ಹೋದ ಮೇಲೆ ಗೇಟಿನ ಕಡೆ ತಿರುಗಿ ನೋಡಿ. ಜಮೀನು ಅಡ ಇಟ್ಟು ಸಾಲ ತಂದ ಮನೆಯ ಮಗು ಎಲ್ಲಿದೆ, ಅಡ ಇಡಲು ಜಮೀನೇ ಇಲ್ಲದ ಮನೆಯ ಮಗು ಎಲ್ಲಿದೆ, ಕೇಳಿ.

ಮೊನಾಶ್‌ನ ಲಾಂಛನದ ಮೇಲೆ, ಮೈಕೆಲೇಂಜೆಲೊ ಹೇಳಿದ್ದು ಎನ್ನಲಾಗುವ ಇಟಾಲಿಯನ್ ಮಾತೊಂದಿದೆ: ನಾನಿನ್ನೂ ಕಲಿಯುತ್ತಿದ್ದೇನೆ ಅಂತ ಅದರ ಅರ್ಥ. ಒಳ್ಳೆಯ ಮಾತು. ನಾಲ್ಕು ದೇಶ ಸುತ್ತಿದ ಸಂಸ್ಥೆ ಲೈನು ಮನೆಯ ಹುಡುಗಿಯಿಂದ, ಸೊವೆಟೊದ ಹುಡುಗನಿಂದ, ಕಲ್ಲಿದ್ದಲಿನ ಕಣಿವೆಯ ಕೂಲಿಯಿಂದ ಕಲಿಯಬೇಕಾದ ಪಾಠ ಇನ್ನೂ ಬಾಕಿ ಇದೆ.