ಪೂರ್ವಸಿಂಪಡಣೆ (ಕಾರ್ಪೆಟ್ ಶುಚೀಕರಣ)

ಪೂರ್ವಸಿಂಪಡಣೆ ಎಂದರೆ ಕಾರ್ಪೆಟ್, ರತ್ನಗಂಬಳಿ, ಜಮಖಾನೆ ಮೊದಲಾದ ನೆಲಹಾಸುಗಳನ್ನು ತೊಳೆಯುವ ಮುನ್ನ, ಕೊಳೆಯನ್ನು ಸಡಿಲಗೊಳಿಸುವ ದ್ರಾವಣವನ್ನು ಅವುಗಳ ಮೇಲೆ ತೆಳುವಾಗಿ ಸಿಂಪಡಿಸಿ ಕೆಲಕಾಲ ನೆನೆಯಲು ಬಿಡುವ ಕ್ರಮ. ಈ ವೃತ್ತಿಯಲ್ಲಿರುವವರು ಇದನ್ನು ಪ್ರೀ-ಸ್ಪ್ರೇ ಎಂದು ಕರೆಯುತ್ತಾರೆ. ಬಿಸಿನೀರನ್ನು ಒತ್ತಡದಿಂದ ಹಾಯಿಸಿ ಒಡನೆಯೇ ಹೀರಿಕೊಳ್ಳುವ ಯಂತ್ರವಿಧಾನದಲ್ಲಿ ಇದು ಮುಖ್ಯವಾದ ಹಂತ. ಯಂತ್ರವು ಕೊಳೆಯನ್ನು ಹೊರಗೆ ಸಾಗಿಸುತ್ತದೆ. ಆದರೆ ಕೊಳೆಯನ್ನು ಎಳೆಯಿಂದ ಬಿಡಿಸುವ ಕೆಲಸ ಬಹುಮಟ್ಟಿಗೆ ಅದಕ್ಕೂ ಮೊದಲೇ, ಸಿಂಪಡಿಸಿದ ದ್ರಾವಣ ನೆನೆಯುತ್ತಿರುವ ಹತ್ತು ಹದಿನೈದು ನಿಮಿಷಗಳಲ್ಲಿ ನಡೆದಿರುತ್ತದೆ. ದ್ರಾವಣದ ಆಯ್ಕೆ ತಪ್ಪಿದರೆ ಬಣ್ಣ ಬಿಡುವುದು, ಉಣ್ಣೆ ಒರಟಾಗುವುದು, ಅರಿಶಿನದ ಕಲೆ ಕೆಂಪಾಗುವುದು ಮುಂತಾದ ಹಾನಿಗಳು ಸಂಭವಿಸುತ್ತವೆ. ಇವುಗಳಲ್ಲಿ ಕೆಲವನ್ನು ಸರಿಪಡಿಸಲು ಸಾಧ್ಯವಿಲ್ಲ.

## ಹಿನ್ನೆಲೆ

ಮೊದಲು ನೆನೆಸಿ ಅನಂತರ ಒಗೆಯುವ ಕ್ರಮ ಕನ್ನಡ ನಾಡಿಗೆ ಹೊಸದಲ್ಲ. ಮಡಿವಾಳರು ಬಟ್ಟೆಗಳನ್ನು ಚೌಳುಮಣ್ಣಿನ ಅಥವಾ ಸೋಡಾದ ನೀರಿನಲ್ಲಿ ಅದ್ದಿ, ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿದ ಬಳಿಕವೇ ಕಲ್ಲಿಗೆ ಬಡಿಯುತ್ತಿದ್ದರು. ಕ್ಷಾರ, ಶಾಖ ಮತ್ತು ಕಾಲ ಇವು ಮೂರೂ ಮೊದಲೇ ತಮ್ಮ ಕೆಲಸ ಮಾಡಿರುತ್ತಿದ್ದುದರಿಂದ ಬಡಿಯುವ ಶ್ರಮ ಕಡಿಮೆಯಾಗುತ್ತಿತ್ತು. ರೇಷ್ಮೆ, ಉಣ್ಣೆಗಳಂಥ ನಾಜೂಕಾದ ಬಟ್ಟೆಗಳಿಗೆ ಕ್ಷಾರದ ಬದಲು ಸೌಮ್ಯವಾದ ಅಂಟುವಾಳಕಾಯಿಯ ನೊರೆಯನ್ನು ಬಳಸುವುದು ವಾಡಿಕೆಯಾಗಿತ್ತು. ಇಂದಿನ ಪೂರ್ವಸಿಂಪಡಣೆಯ ಹಿಂದಿರುವುದೂ ಇದೇ ವಿವೇಚನೆ.

ನೆಲಹಾಸುಗಳ ನೇಯ್ಗೆಯೂ ಕರ್ನಾಟಕದಲ್ಲಿ ಹಳೆಯದು. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಮಹಿಳೆಯರು ನೇಯುವ ಹತ್ತಿಯ ಜಮಖಾನೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಎರಡೂ ಬದಿಗಳಲ್ಲಿ ಒಂದೇ ವಿನ್ಯಾಸವಿದ್ದ ಬೆಂಗಳೂರಿನ ಉಣ್ಣೆಯ ರತ್ನಗಂಬಳಿಗಳು 19ನೆಯ ಶತಮಾನದಲ್ಲಿ ಬಾಳಿಕೆಗೆ ಹೆಸರಾಗಿದ್ದವು. ಚಳ್ಳಕೆರೆ ಮೊದಲಾದೆಡೆಗಳಲ್ಲಿ ದಖನಿ ಕುರಿಯ ಉಣ್ಣೆಯಿಂದ ಕರಿಯ ಕಂಬಳಿಗಳನ್ನು ನೇಯಲಾಗುತ್ತದೆ. ಜಮಖಾನೆಯನ್ನು ಕೊಡವಿ ಬಿಸಿಲಿಗೆ ಹಾಕುವುದೇ ಮನೆಗಳಲ್ಲಿದ್ದ ರೂಢಿ. ನೆಲಕ್ಕೆ ಅಂಟಿಸಿದ ಅಥವಾ ಸುಲಭವಾಗಿ ಎತ್ತಲಾಗದ ಕಾರ್ಪೆಟ್‌ಗಳು ಕಚೇರಿ, ಹೋಟೆಲು, ಸಭಾಂಗಣ ಮತ್ತು ವಸತಿ ಸಮುಚ್ಚಯಗಳಿಗೆ ಬಂದ ಮೇಲೆ, ಇದ್ದಲ್ಲಿಯೇ ತೊಳೆಯುವ ವಿಧಾನಗಳು ಅಗತ್ಯವಾದವು.

## ತತ್ತ್ವ

ಜರ್ಮನಿಯ ಹೆನ್ಕೆಲ್ ಸಂಸ್ಥೆಯಲ್ಲಿದ್ದ ಹರ್ಬರ್ಟ್ ಸಿನ್ನರ್ ಅವರು 1959ರಲ್ಲಿ ಶುಚೀಕರಣದ ಫಲವು ನಾಲ್ಕು ಅಂಶಗಳನ್ನು ಅವಲಂಬಿಸಿದೆ ಎಂದು ನಿರೂಪಿಸಿದರು: ರಾಸಾಯನಿಕ ಕ್ರಿಯೆ, ತಾಪ, ಯಾಂತ್ರಿಕ ಕ್ರಿಯೆ ಮತ್ತು ಕಾಲ. ಇದನ್ನು ಸಿನ್ನರ್ ವೃತ್ತ ಎನ್ನುತ್ತಾರೆ. ಒಂದು ಅಂಶವನ್ನು ತಗ್ಗಿಸಿದರೆ ಉಳಿದವುಗಳಲ್ಲಿ ಒಂದನ್ನಾದರೂ ಹೆಚ್ಚಿಸಬೇಕಾಗುತ್ತದೆ. ಬಟ್ಟೆಯನ್ನು ಉಜ್ಜುವಂತೆ ಕಾರ್ಪೆಟ್‌ನ ಎಳೆಗಳನ್ನು ಉಜ್ಜುವಂತಿಲ್ಲ; ಉಜ್ಜಿದರೆ ತುದಿಗಳು ಬಿಚ್ಚಿಕೊಂಡು ಹೊಳಪು ಕೆಡುತ್ತದೆ. ಆದುದರಿಂದ ಯಾಂತ್ರಿಕ ಕ್ರಿಯೆಯ ಕೊರತೆಯನ್ನು ದ್ರಾವಣ ಮತ್ತು ಕಾಲ ತುಂಬಿಕೊಡುತ್ತವೆ.

ದ್ರಾವಣದಲ್ಲಿರುವ ಮಾರ್ಜಕದ ಅಣುವಿಗೆ ಎರಡು ತುದಿಗಳಿವೆ. ಒಂದು ನೀರನ್ನು ಬಯಸುತ್ತದೆ, ಇನ್ನೊಂದು ಜಿಡ್ಡನ್ನು ಹಿಡಿಯುತ್ತದೆ. ಇಂಥ ಅಣುಗಳು ಜಿಡ್ಡಿನ ಕಣವನ್ನು ಸುತ್ತುವರಿದು ಎಳೆಯಿಂದ ಎತ್ತಿ, ನೀರಿನಲ್ಲಿ ತೇಲುವಂತೆ ಮಾಡುತ್ತವೆ. ಈ ಕ್ರಿಯೆ ಕ್ಷಣಮಾತ್ರದಲ್ಲಿ ಮುಗಿಯುವುದಿಲ್ಲ. ಸಿಂಪಡಿಸಿದೊಡನೆ ಯಂತ್ರ ಹಾಯಿಸಿದರೆ ದ್ರಾವಣವು ಕೆಲಸ ಮಾಡುವ ಮೊದಲೇ ಹೀರಲ್ಪಡುತ್ತದೆ.

## ದ್ರಾವಣದ ಘಟಕಗಳು

ಮಾರುಕಟ್ಟೆಯ ದ್ರಾವಣಗಳಲ್ಲಿ ಸಾಮಾನ್ಯವಾಗಿ ಇರುವ ಪದಾರ್ಥಗಳು ಇವು:

- ಮಾರ್ಜಕಗಳು: ಜಿಡ್ಡನ್ನು ಎಳೆಯಿಂದ ಬಿಡಿಸುತ್ತವೆ.
- ಕ್ಷಾರಗಳು: ಎಣ್ಣೆ, ಬೆಣ್ಣೆಗಳ ಜಿಡ್ಡನ್ನು ಕರಗುವಂತೆ ಮಾಡುತ್ತವೆ.
- ಗಡಸು ನಿವಾರಕಗಳು: ಸಿಟ್ರೇಟ್‌ನಂಥ ಲವಣಗಳು, ಇವು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಂಶಗಳನ್ನು ಹಿಡಿದಿಡುತ್ತವೆ.
- ದ್ರಾವಕಗಳು: ಗ್ರೀಸ್, ಟಾರು ಮೊದಲಾದವುಗಳಿಗಾಗಿ.
- ಕಿಣ್ವಗಳು: ಹಾಲು, ಮೊಟ್ಟೆ, ರಕ್ತದಂಥ ಪ್ರೋಟೀನು ಕಲೆಗಳಿಗಾಗಿ. ಉಣ್ಣೆ ಮತ್ತು ರೇಷ್ಮೆ ಸ್ವತಃ ಪ್ರೋಟೀನು ಆಗಿರುವುದರಿಂದ ಇವನ್ನು ಅಲ್ಲಿ ಬಳಸಬಾರದು.

ದ್ರಾವಣದ ಸ್ವಭಾವವನ್ನು ಪಿಎಚ್ ಅಂಕದಿಂದ ಗುರುತಿಸುತ್ತಾರೆ. 7 ತಟಸ್ಥ, ಅದಕ್ಕಿಂತ ಕೆಳಗಿನದು ಆಮ್ಲೀಯ, ಮೇಲಿನದು ಕ್ಷಾರೀಯ. ಈ ಅಳತೆಯಲ್ಲಿ ಒಂದು ಅಂಕ ಏರಿದರೆ ಕ್ಷಾರತೆ ಹತ್ತು ಪಟ್ಟು ಹೆಚ್ಚುತ್ತದೆ. ಹಾಗಾಗಿ ಪಿಎಚ್ 8 ಮತ್ತು 10ರ ದ್ರಾವಣಗಳ ನಡುವಿನ ಅಂತರ ನೂರು ಪಟ್ಟು.

## ನೂಲಿಗೆ ತಕ್ಕ ದ್ರಾವಣ

ಎಲ್ಲ ನೆಲಹಾಸುಗಳಿಗೂ ಒಪ್ಪುವ ದ್ರಾವಣವೆಂಬುದು ಇಲ್ಲ. ನೂಲು ಯಾವುದೆಂದು ತಿಳಿಯದಿದ್ದಾಗ ಅಂಚಿನಿಂದ ಒಂದೇ ಎಳೆಯನ್ನು ಕಿತ್ತು, ಕಾರ್ಪೆಟ್‌ನಿಂದ ದೂರದಲ್ಲಿ ಸುಟ್ಟು ನೋಡುವ ಹಳೆಯ ಪರೀಕ್ಷೆ ಉಪಯುಕ್ತ. ಉಣ್ಣೆ ಸುಟ್ಟಾಗ ಕೂದಲು ಸುಟ್ಟ ವಾಸನೆ ಬರುತ್ತದೆ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ನೈಲಾನ್, ಪಾಲಿಪ್ರೊಪಿಲೀನ್‌ಗಳು ಕರಗಿ ಗಟ್ಟಿಮಣಿಯಾಗುತ್ತವೆ.

ಉಣ್ಣೆ: ತಟಸ್ಥಕ್ಕೆ ಹತ್ತಿರವಾದ, ಪಿಎಚ್ 8.5 ಮೀರದ ದ್ರಾವಣವೇ ಯೋಗ್ಯ. ತೀವ್ರ ಕ್ಷಾರ ಮತ್ತು ಬ್ಲೀಚಿಂಗ್ ದ್ರಾವಣಗಳು ಉಣ್ಣೆಯನ್ನು ಹಳದಿಯಾಗಿಸಿ ಒರಟುಗೊಳಿಸುತ್ತವೆ. ಬಿಸಿನೀರಿನ ಜೊತೆಗೆ ತಿಕ್ಕಾಟವೂ ಸೇರಿದರೆ ಎಳೆಗಳು ಹೆಣೆದುಕೊಂಡು ಕುಗ್ಗುತ್ತವೆ. ಸಾಂಪ್ರದಾಯಿಕ ಕರಿಕಂಬಳಿಗೆ ಹುಣಸೆಬೀಜದ ಗಂಜಿ ಕೊಟ್ಟಿರುವುದರಿಂದ, ಒದ್ದೆಮಾಡಿದರೆ ಆ ಗಂಜಿ ಕರಗಿ ಕಂಬಳಿಯ ಬಿಗಿ ಹೋಗುತ್ತದೆ. ಅದಕ್ಕೆ ಸಿಂಪಡಣೆಗಿಂತ ಕೊಡವಿ ಬಿಸಿಲಿಗೆ ಹಾಕುವುದೇ ಲೇಸು.

ಹತ್ತಿಯ ಜಮಖಾನೆ: ಹತ್ತಿಯು ಕ್ಷಾರವನ್ನು ತಾಳಿಕೊಂಡರೂ ಅದಕ್ಕೆ ಹಾಕಿದ ಬಣ್ಣ ತಾಳದಿರಬಹುದು. ಗಾಢವಾದ ಕೆಂಪು, ಕಪ್ಪು ಬಣ್ಣಗಳು ಪಕ್ಕದ ಬಿಳಿಯ ಪಟ್ಟಿಗೆ ಹರಿಯುವ ಅಪಾಯವಿದೆ. ಜಮಖಾನೆಗೆ ಹಿಂಬದಿಯ ಪದರವಿಲ್ಲದ ಕಾರಣ ದ್ರಾವಣ ನೇರವಾಗಿ ನೆಲಕ್ಕಿಳಿಯುತ್ತದೆ. ಆದುದರಿಂದ ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಕಡಿಮೆ ಸಿಂಪಡಿಸಬೇಕು.

ನೈಲಾನ್ ಮತ್ತು ಪಾಲಿಪ್ರೊಪಿಲೀನ್: ಕಚೇರಿಗಳ ಕಾರ್ಪೆಟ್‌ಗಳು ಹೆಚ್ಚಾಗಿ ಇವುಗಳಿಂದಾದವು. ಪಿಎಚ್ 9ರಿಂದ 10ರವರೆಗಿನ ದ್ರಾವಣವನ್ನು ಇವು ಸಹಿಸುತ್ತವೆ. ಅದನ್ನು ಮೀರಿದರೆ ನೈಲಾನ್‌ಗೆ ಲೇಪಿಸಿದ ಕಲೆನಿರೋಧಕ ಗುಣ ಕುಂದುತ್ತದೆ. ಪಾಲಿಪ್ರೊಪಿಲೀನ್ ನೀರನ್ನು ಹೀರುವುದಿಲ್ಲ, ಎಣ್ಣೆಯನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

## ಅರಿಶಿನ, ಕಾಫಿ ಮತ್ತು ದೀಪದ ಎಣ್ಣೆ

ವಿದೇಶೀ ಕೈಪಿಡಿಗಳಲ್ಲಿ ವಿರಳವಾಗಿ ಕಾಣುವ, ನಮ್ಮ ಮನೆಗಳಲ್ಲಿ ಮಾತ್ರ ಸದಾ ಎದುರಾಗುವ ಸಮಸ್ಯೆ ಅರಿಶಿನದ ಕಲೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ವರ್ಣದ್ರವ್ಯ ಕ್ಷಾರದ ಸ್ಪರ್ಶದಿಂದ ಕೆಂಪಾಗುತ್ತದೆ. ಆರತಿಯ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಬೆರೆಸಿ ಓಕುಳಿ ಮಾಡುವಾಗ ನಡೆಯುವುದು ಇದೇ ಕ್ರಿಯೆ. ಕಾರ್ಪೆಟ್‌ನ ಮೇಲೆ ಕಣ್ಣಿಗೆ ಬೀಳದಷ್ಟು ತೆಳುವಾಗಿ ಹರಡಿದ ಅರಿಶಿನವೂ ಕ್ಷಾರೀಯ ದ್ರಾವಣ ಸಿಂಪಡಿಸಿದೊಡನೆ ಕೆಂಪು ಮಚ್ಚೆಯಾಗಿ ಎದ್ದು ಕಾಣುತ್ತದೆ. ಇದು ಹೊಸ ಕಲೆಯಲ್ಲ, ಹಳೆಯದರ ಬಣ್ಣ ಬದಲಾದದ್ದು. ನೀರು ಬೆರೆಸಿದ ಬಿಳಿಯ ವಿನಿಗರ್‌ನಂಥ ದುರ್ಬಲ ಆಮ್ಲವನ್ನು ಒತ್ತಿದರೆ ಅದು ಮರಳಿ ಹಳದಿಯಾಗುತ್ತದೆ. ಉಳಿದ ಹಳದಿ ಬಿಸಿಲಿಗೆ ಕ್ರಮೇಣ ಮಾಸುತ್ತದೆ. ಪೂಜೆ, ಮದುವೆ, ಊಟಗಳು ನಡೆದ ಜಾಗದ ಕಾರ್ಪೆಟ್‌ಗಳಲ್ಲಿ ಮೊದಲೇ ಒಂದು ಮೂಲೆಯಲ್ಲಿ ಪರೀಕ್ಷಿಸುವುದು ಈ ಕಾರಣದಿಂದ ಅವಶ್ಯಕ.

ಕಾಫಿ, ಚಹಾಗಳ ಕಂದು ಕಲೆಗಳು ಸಹ ಕ್ಷಾರದಿಂದ ಇನ್ನಷ್ಟು ಗಾಢವಾಗಬಹುದು. ಅವುಗಳಿಗೆ ಸೌಮ್ಯ ಆಮ್ಲೀಯ ದ್ರಾವಣ ಸರಿಯಾದುದು. ದೀಪದ ಎಣ್ಣೆ, ತುಪ್ಪಗಳ ಕಲೆಗೆ ಮಾತ್ರ ಕ್ಷಾರ ಅಥವಾ ದ್ರಾವಕ ಬೇಕಾಗುತ್ತದೆ.

## ವಿಧಾನ

1. ಒಣಕೊಳೆಯ ನಿವಾರಣೆ. ಕಾರ್ಪೆಟ್‌ನ ಕೊಳೆಯಲ್ಲಿ ಹೆಚ್ಚಿನ ಪಾಲು ಒಣ ಧೂಳು ಮತ್ತು ಮರಳು. ವ್ಯಾಕ್ಯೂಮ್ ಕ್ಲೀನರ್‌ನಿಂದ ಇದನ್ನು ನಿಧಾನವಾಗಿ, ಎರಡು ದಿಕ್ಕುಗಳಲ್ಲಿ ತೆಗೆಯಬೇಕು. ಧೂಳಿನ ಮೇಲೆಯೇ ಸಿಂಪಡಿಸಿದರೆ ಅದು ಕೆಸರಾಗುತ್ತದೆ. ಬೆಂಗಳೂರಿನ ಕೆಮ್ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಒದ್ದೆಯಾದಾಗ ಎಳೆಗೆ ಅಂಟಿಕೊಳ್ಳುವುದರಿಂದ ಇಲ್ಲಿ ಈ ಹಂತಕ್ಕೆ ವಿಶೇಷ ಮಹತ್ವವಿದೆ.
2. ಬಣ್ಣದ ಪರೀಕ್ಷೆ. ಕಾಣದ ಮೂಲೆಯಲ್ಲಿ ದ್ರಾವಣ ಹಾಕಿ, ಬಿಳಿಯ ಬಟ್ಟೆಯನ್ನು ಎರಡು ನಿಮಿಷ ಒತ್ತಿ ಹಿಡಿಯಬೇಕು. ಬಟ್ಟೆಗೆ ಬಣ್ಣ ಹತ್ತಿದರೆ ಆ ದ್ರಾವಣವನ್ನು ಬಿಡಬೇಕು. ಪ್ರತಿಯೊಂದು ಬಣ್ಣವನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವುದು ಕ್ಷೇಮ.
3. ಮಿಶ್ರಣ. ಲೇಬಲ್ಲಿನಲ್ಲಿ ಹೇಳಿದ ಪ್ರಮಾಣವನ್ನೇ ಪಾಲಿಸಬೇಕು. 1:9 ಎಂದರೆ ಒಂದು ಪಾಲು ದ್ರಾವಣಕ್ಕೆ ಒಂಬತ್ತು ಪಾಲು ನೀರು. 5 ಲೀಟರ್ ಸಿಂಪಡಕಕ್ಕೆ 500 ಮಿಲಿಲೀಟರ್ ದ್ರಾವಣ ಮತ್ತು 4.5 ಲೀಟರ್ ನೀರು. ನೊರೆಯನ್ನು ತಡೆಯಲು ಮೊದಲು ನೀರನ್ನು ತುಂಬಿ ಅನಂತರ ದ್ರಾವಣವನ್ನು ಸೇರಿಸಬೇಕು. ಹೆಚ್ಚು ದ್ರಾವಣ ಹಾಕಿದರೆ ಹೆಚ್ಚು ಶುಚಿಯಾಗುವುದಿಲ್ಲ. ತೊಳೆದು ತೆಗೆಯುವುದು ಮಾತ್ರ ಕಷ್ಟವಾಗುತ್ತದೆ.
4. ಸಿಂಪಡಣೆ. ಬಾಗಿಲಿನಿಂದ ದೂರದ ಮೂಲೆಯಲ್ಲಿ ಆರಂಭಿಸಿ ಹಿಂದಕ್ಕೆ ಬರುತ್ತ, ಬೀಸಣಿಗೆಯಂತೆ ಹರಡುವ ಮೂತಿಯಿಂದ ಒಂದು ಪಟ್ಟಿಯ ಅಂಚು ಮುಂದಿನ ಪಟ್ಟಿಯ ಮೇಲೆ ಸ್ವಲ್ಪ ಬೀಳುವಂತೆ ಸಿಂಪಡಿಸುತ್ತಾರೆ. ಎಳೆಗಳು ಒದ್ದೆಯಾಗಬೇಕು, ಬುಡ ತೊಯ್ಯಬಾರದು. ಜನ ನಡೆದಾಡುವ ದಾರಿಗೆ ಎರಡನೆಯ ಬಾರಿ ಸಿಂಪಡಿಸಬಹುದು.
5. ಹರಡುವಿಕೆ. ಮೃದುವಾದ ಬ್ರಷ್ ಅಥವಾ ಕಾರ್ಪೆಟ್ ಬಾಚಣಿಗೆಯಿಂದ ದ್ರಾವಣವನ್ನು ಎಳೆಗಳ ನಡುವೆ ಹರಡಬೇಕು.
6. ನೆನೆಯುವಿಕೆ. ಸಾಮಾನ್ಯವಾಗಿ 10ರಿಂದ 15 ನಿಮಿಷ. ಈ ಅವಧಿಯಲ್ಲಿ ದ್ರಾವಣ ಒಣಗಬಾರದು. ಮಾರ್ಚ್, ಏಪ್ರಿಲ್ ತಿಂಗಳುಗಳ ಒಣಹವೆಯಲ್ಲಿ ಫ್ಯಾನು ನಿಲ್ಲಿಸಿ, ಒಮ್ಮೆಗೆ ಸಣ್ಣ ಭಾಗವನ್ನಷ್ಟೇ ಸಿಂಪಡಿಸುವುದು ಉಚಿತ.
7. ತೊಳೆದು ಹೀರುವುದು. ಯಂತ್ರದಿಂದ ಶುದ್ಧ ನೀರನ್ನು ಹಾಯಿಸಿ ಹೀರಬೇಕು. ಬಳಿಕ ನೀರು ಹಾಯಿಸದೆ ಒಂದೆರಡು ಬಾರಿ ಹೀರಿದರೆ ಬೇಗ ಒಣಗುತ್ತದೆ. ಕ್ಷಾರೀಯ ದ್ರಾವಣ ಬಳಸಿದ್ದರೆ ಕೊನೆಯ ನೀರಿಗೆ ಸ್ವಲ್ಪ ಸಿಟ್ರಿಕ್ ಆಮ್ಲ ಬೆರೆಸುವ ಪದ್ಧತಿಯಿದೆ.

## ನೀರಿನ ಗಡಸುತನ

ಬೆಂಗಳೂರಿನ ದಕ್ಷಿಣ ಅಂಚಿನ ವಸಂತಪುರ, ಉತ್ತರಹಳ್ಳಿ ಮೊದಲಾದ ಪ್ರದೇಶಗಳಲ್ಲಿ ಕಾವೇರಿ ನೀರಿನ ಜೊತೆಗೆ ಕೊಳವೆಬಾವಿ ಮತ್ತು ಟ್ಯಾಂಕರ್ ನೀರಿನ ಬಳಕೆಯೂ ಇದೆ. ತೊರೆಕಾಡನಹಳ್ಳಿಯಿಂದ ಬರುವ ಕಾವೇರಿ ನೀರಿಗೆ ಹೋಲಿಸಿದರೆ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಹೆಚ್ಚು ಗಡಸು. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಒಟ್ಟು ಗಡಸುತನದ ಸ್ವೀಕಾರಾರ್ಹ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲವಿಲ್ಲದಾಗ 600 ಮಿಲಿಗ್ರಾಂವರೆಗೆ ಅವಕಾಶವಿದೆ. ಗಡಸು ನೀರಿನಲ್ಲಿ ಮಾರ್ಜಕದ ಒಂದು ಭಾಗ ಕ್ಯಾಲ್ಸಿಯಂ ಜೊತೆ ಸೇರಿ ವ್ಯರ್ಥವಾಗುತ್ತದೆ. ಸಾಬೂನು ಆಧಾರಿತ ದ್ರಾವಣವಾದರೆ ಬಿಳಿಯ ಗಷ್ಟು ಎಳೆಗಳಲ್ಲಿ ಉಳಿಯುತ್ತದೆ. ಬಾಟಲಿಯಲ್ಲಿ ನೀರಿಗೆ ಸಾಬೂನಿನ ಚೂರು ಹಾಕಿ ಕುಲುಕಿದಾಗ ನೊರೆ ಬಾರದೆ ನೀರು ಹಾಲಿನಂತಾದರೆ ಅದು ಗಡಸು ನೀರೆಂದು ತಿಳಿಯಬಹುದು. ಅಂಥಲ್ಲಿ ಗಡಸು ನಿವಾರಕವಿರುವ ದ್ರಾವಣ ಅಥವಾ ಮೃದುಗೊಳಿಸಿದ ನೀರು ಅಗತ್ಯ.

ನೀರಿನ ಅಭಾವವೂ ಗಣನೀಯ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ವಾಹನ ತೊಳೆಯುವುದು, ಕಟ್ಟಡ ನಿರ್ಮಾಣ, ಕೈತೋಟ ಮುಂತಾದವುಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ಉಲ್ಲಂಘನೆಗೆ 5,000 ರೂಪಾಯಿ ದಂಡ ವಿಧಿಸಿತ್ತು. ಸರಿಯಾಗಿ ನೆನೆಸಿದ ಕಾರ್ಪೆಟ್‌ಗೆ ಮತ್ತೆ ಮತ್ತೆ ನೀರು ಹಾಯಿಸಬೇಕಿಲ್ಲವಾದ್ದರಿಂದ, ಪೂರ್ವಸಿಂಪಡಣೆ ನೀರನ್ನು ಉಳಿಸುವ ಕ್ರಮವೂ ಹೌದು.

## ಸಾಮಾನ್ಯ ದೋಷಗಳು

ತೊಳೆದ ಕೆಲವೇ ವಾರಗಳಲ್ಲಿ ಕಾರ್ಪೆಟ್ ಮತ್ತೆ ಮಾಸಿದರೆ, ದ್ರಾವಣ ಪೂರ್ತಿಯಾಗಿ ಹೋಗದೆ ಅಂಟಾಗಿ ಉಳಿದು ಧೂಳನ್ನು ಸೆಳೆಯುತ್ತಿದೆ ಎಂದರ್ಥ. ಒಣಗಿದ ಮೇಲೆ ಕಂದು ಛಾಯೆ ಕಾಣಿಸಿದರೆ, ಬುಡದ ಸೆಣಬು ತೊಯ್ದು ಅದರ ಬಣ್ಣ ಎಳೆಯ ತುದಿಗೆ ಏರಿರುತ್ತದೆ. ಅತಿಯಾಗಿ ತೊಯ್ದ ಕಾರ್ಪೆಟ್‌ನಲ್ಲಿ ಹಿಂಬದಿಯ ಅಂಟು ಬಿಡುವುದು, ಮಳೆಗಾಲದಲ್ಲಿ ಬೂಷ್ಟು ಹಿಡಿದು ಮುಗ್ಗಲು ವಾಸನೆ ಬರುವುದು ಸಹ ಸಾಮಾನ್ಯ.

## ಸುರಕ್ಷತೆ ಮತ್ತು ಪರಿಸರ

ಸಿಂಪಡಣೆಯ ಸೂಕ್ಷ್ಮ ಹನಿಗಳು ಉಸಿರಿನೊಂದಿಗೆ ಒಳಸೇರುವುದರಿಂದ, ಮಂಜಿನಂತಲ್ಲದೆ ದಪ್ಪ ಹನಿಗಳಾಗಿ ಸಿಂಪಡಿಸುವುದು ಒಳ್ಳೆಯದು. ದಿನವಿಡೀ ಈ ಕೆಲಸ ಮಾಡುವವರಿಗೆ ಕೈಗವಸು, ಕನ್ನಡಕ, ಮುಖಗವಸುಗಳನ್ನು ಒದಗಿಸಬೇಕು; ಕಿಟಕಿಗಳನ್ನು ತೆರೆದಿಡಬೇಕು. ಲೇಬಲ್ಲು ಕೆಲಸಗಾರರಿಗೆ ತಿಳಿಯದ ಭಾಷೆಯಲ್ಲಿದ್ದರೆ, ಪ್ರಮಾಣ ಮತ್ತು ಎಚ್ಚರಿಕೆಗಳನ್ನು ಅವರ ಭಾಷೆಯಲ್ಲಿ ಬರೆದು ಅಂಟಿಸುವುದು ಮಾಲೀಕರ ಹೊಣೆ. ದ್ರಾವಣವನ್ನು ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಬಾಟಲಿಗಳಲ್ಲಿ ಎಂದಿಗೂ ತುಂಬಿಡಬಾರದು. ಬ್ಲೀಚಿಂಗ್ ದ್ರಾವಣವನ್ನು ಆಮ್ಲದೊಂದಿಗೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಕಾರ್ಪೆಟ್ ಒಣಗುವವರೆಗೆ ಅಂಬೆಗಾಲಿಡುವ ಮಕ್ಕಳನ್ನು, ಸಾಕುಪ್ರಾಣಿಗಳನ್ನು ಅದರಿಂದ ದೂರವಿಡಬೇಕು.

ಯಂತ್ರ ಹೀರಿದ ಕೊಳೆನೀರನ್ನು ಒಳಚರಂಡಿಗೆ ಬಿಡಬೇಕೇ ಹೊರತು ರಸ್ತೆಬದಿಯ ಮಳೆನೀರಿನ ಚರಂಡಿಗೆ ಅಲ್ಲ. ಮಳೆನೀರಿನ ಚರಂಡಿಗಳು ರಾಜಕಾಲುವೆಗಳ ಮೂಲಕ ಕೆರೆಗಳನ್ನು ಸೇರುತ್ತವೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಸೇರುವ ಬೆಳ್ಳಂದೂರು ಕೆರೆಯಲ್ಲಿ ಎದ್ದ ನೊರೆಗೆ, ಸಂಸ್ಕರಿಸದ ಕೊಳಚೆಯೊಂದಿಗೆ ಹರಿದು ಬಂದ ಮಾರ್ಜಕಗಳೂ ಕಾರಣವಾಗಿದ್ದವು. ಸ್ವಂತ ಕೊಳಚೆ ಸಂಸ್ಕರಣಾ ಘಟಕವಿರುವ ವಸತಿ ಸಮುಚ್ಚಯಗಳಲ್ಲಿ, ಕ್ರಿಮಿನಾಶಕ ಬೆರೆತ ದ್ರಾವಣ ಘಟಕದ ಉಪಕಾರಿ ಬ್ಯಾಕ್ಟೀರಿಯಾಗಳನ್ನು ಕೊಲ್ಲಬಹುದಾದ್ದರಿಂದ, ಹೆಚ್ಚಿನ ಪ್ರಮಾಣದಲ್ಲಿ ತೊಳೆಯುವ ಮುನ್ನ ನಿರ್ವಾಹಕರಿಗೆ ತಿಳಿಸುವುದು ಅಪೇಕ್ಷಣೀಯ.

## ಇವನ್ನೂ ನೋಡಿ

- ನವಲಗುಂದ ಜಮಖಾನೆ
- ಕಂಬಳಿ
- ಮಾರ್ಜಕ
- ನೀರಿನ ಗಡಸುತನ
- ಅಂಟುವಾಳ