ಜಾಲಹಳ್ಳಿಯ ಗಾಜಿನ ಬುರುಡೆಗಳು

ದನಿಯನ್ನು ಹಿಗ್ಗಿಸುವ ವಿದ್ಯೆ ಬೆಂಗಳೂರು ಗ್ರಾಮಾಂತರದ ಹಳ್ಳಿಗಳಿಗೆ ಬಂದದ್ದು ಸಂಗೀತದ ದಾರಿಯಿಂದಲ್ಲ, ಮೈಕ್‌ಸೆಟ್ಟಿನ ದಾರಿಯಿಂದ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಾಗಲಿ, ಹೊಸಕೋಟೆ ಕಡೆಯ ಮದುವೆ ಚಪ್ಪರವಾಗಲಿ, ಉರುಸ್ ಆಗಲಿ, ಚುನಾವಣೆಯ ಭಾಷಣವಾಗಲಿ, ಮರಕ್ಕೆ ಕಟ್ಟಿದ ಹಾರ್ನ್ ಮತ್ತು ಅದರ ಕೆಳಗೆ ಮೇಜಿನ ಮೇಲೆ ಬಿಸಿಯಾಗಿ ಕುಳಿತ ಒಂದು ಕಬ್ಬಿಣದ ಪೆಟ್ಟಿಗೆ ಇರಲೇಬೇಕಿತ್ತು. ಆ ಪೆಟ್ಟಿಗೆಯೊಳಗೆ ಕೆಂಪಗೆ ಉರಿಯುತ್ತಿದ್ದ ಗಾಜಿನ ಬುರುಡೆಗಳನ್ನು ನಮ್ಮಲ್ಲಿ ಹಿರಿಯರು 'ವಾಲ್ವ್' ಎಂದು ಕರೆಯುತ್ತಿದ್ದರು. ಇಂದು ಕೆಲವು ಹವ್ಯಾಸಿಗಳು ಅದೇ ವಾಲ್ವ್‌ಗಳಿಂದ ಮನೆಯ ಸಂಗೀತಕ್ಕೆ ಪ್ರಿಆಂಪ್ಲಿಫಯರ್ ಕಟ್ಟಲು ಹೊರಟಿರುವುದರಿಂದ, ಅದರ ಹಿಂದಿನ ಕಥೆಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಮೈಕಿನಿಂದ ಹೊರಬರುವ ವಿದ್ಯುತ್ತು ಒಂದು ವೋಲ್ಟಿನ ಸಾವಿರದ ಕೆಲವೇ ಪಾಲು. ಹಾರ್ನ್ ಕೂಗಲು ಹತ್ತಾರು ವೋಲ್ಟ್ ಬೇಕು. ಅಷ್ಟು ದೂರವನ್ನು ಒಂದೇ ನೆಗೆತದಲ್ಲಿ ದಾಟಲಾಗದು. ಹೀಗಾಗಿ ಮೊದಲು ಸಣ್ಣ ದನಿಯನ್ನು ಕೆಡಿಸದೆ ಒಂದು ಹಂತಕ್ಕೆ ಎತ್ತುವ ಭಾಗವೊಂದು, ಆಮೇಲೆ ಬಲ ಕೊಡುವ ಭಾಗವೊಂದು. ಮೊದಲನೆಯದೇ ಪ್ರಿಆಂಪ್ಲಿಫಯರ್. ವಾಲ್ವ್ ಕೆಲಸ ಮಾಡುವ ಬಗೆ ಕೆರೆಯ ತೂಬನ್ನು ನೋಡಿದವರಿಗೆ ಅರ್ಥವಾಗದ ಸಂಗತಿಯಲ್ಲ. ಬಿಸಿಯಾದ ಕ್ಯಾಥೋಡಿನಿಂದ ಎಲೆಕ್ಟ್ರಾನ್‌ಗಳು ಹೊರಟು ಆನೋಡಿನ ಕಡೆ ಹರಿಯುತ್ತವೆ. ನಡುವೆ ಇರುವ ಗ್ರಿಡ್ ಎಂಬ ಜಾಲರಿ ತೂಬಿನ ಹಾಗೆ ಆ ಹರಿವನ್ನು ತಡೆಯುತ್ತದೆ, ಬಿಡುತ್ತದೆ. ತೂಬನ್ನು ಎತ್ತಲು ಬೇಕಾದ ಬಲ ಅಲ್ಪ, ಹರಿಯುವ ನೀರು ಬಹಳ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಎರಡು ವಿದ್ಯುದ್ವಾರಗಳ ವಾಲ್ವ್ ಮಾಡಿದ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದಕ್ಕೆ ಮೂರನೆಯದನ್ನು, ಅಂದರೆ ಈ ತೂಬನ್ನು, ಸೇರಿಸಿದ.

ಮೈಸೂರು ಸೀಮೆಗೆ ಈ ವಿದ್ಯೆ ಬೇಗನೇ ಬಂತು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಹುಟ್ಟಿ ಬೆಳೆದದ್ದು ಅಲ್ಲಿ. ಆದರೆ ಪ್ರಸಾರಕದ ವಾಲ್ವ್‌ಗಳೂ ಕೇಳುವ ಪೆಟ್ಟಿಗೆಯ ವಾಲ್ವ್‌ಗಳೂ ಹಡಗಿನಲ್ಲಿ ಬರಬೇಕಿತ್ತು.

ಅವು ಇಲ್ಲೇ ತಯಾರಾಗಲು ಇನ್ನೂ ಕಾಲು ಶತಮಾನ ಕಾಯಬೇಕಾಯಿತು. 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, ಜಾಲಹಳ್ಳಿಯಲ್ಲಿ ಸ್ಥಾಪನೆಯಾಯಿತು. ಇಂದು ಜಾಲಹಳ್ಳಿ ನಗರದ ಹೊಟ್ಟೆಯೊಳಗಿದೆ. ಆಗ ಅದು ನೆಲಮಂಗಲ, ದೊಡ್ಡಬಳ್ಳಾಪುರದ ಕಡೆಗೆ ಚಾಚಿದ ಬಯಲಿನ ಒಂದು ಹಳ್ಳಿ. 1961ರಲ್ಲಿ ಅಲ್ಲಿ ರೇಡಿಯೋ ವಾಲ್ವ್‌ಗಳ ಉತ್ಪಾದನೆ ಆರಂಭವಾಯಿತು. ಹಾಲೆಂಡಿನ ಫಿಲಿಪ್ಸ್ ಕಂಪೆನಿಯ ತಂತ್ರಜ್ಞಾನ, ನಮ್ಮವರ ಕೈಕೆಲಸ. ತಲೆಗೂದಲಿಗಿಂತ ಸಣ್ಣ ತಂತಿಯನ್ನು ಗ್ರಿಡ್ಡಿಗೆ ಸುತ್ತುವುದು, ಬುರುಡೆಯಿಂದ ಗಾಳಿಯನ್ನೆಲ್ಲ ಹೀರುವುದು, ಉಳಿದ ಚೂರುಪಾರು ಗಾಳಿಯನ್ನು ಗೆಟರ್ ಎಂಬ ಲೋಹದ ಆವಿಯಿಂದ ಹಿಡಿಯುವುದು, ಇವೆಲ್ಲ ಸುಲಭದ ಕೆಲಸಗಳಲ್ಲ. ಬುರುಡೆಯ ನೆತ್ತಿಯಲ್ಲಿ ಕಾಣುವ ಬೆಳ್ಳಿ ಬಣ್ಣದ ಕಲೆ ಆ ಗೆಟರ್‌ನದೇ. ಅದು ಬೆಳ್ಳಗಾಗಿ ಹಾಲಿನಂತಾದರೆ ಗಾಳಿ ಒಳನುಗ್ಗಿತೆಂದೂ ವಾಲ್ವ್ ಸತ್ತಿತೆಂದೂ ತಿಳಿಯಬೇಕು.

ಆದರೆ ಕಾಲದ ವ್ಯಂಗ್ಯ ನೋಡಿ. ಮರುವರ್ಷ, 1962ರಲ್ಲಿ, ಅದೇ ಕಾರ್ಖಾನೆಯಲ್ಲಿ ಜರ್ಮೇನಿಯಂ ಸೆಮಿಕಂಡಕ್ಟರ್‌ಗಳೂ ಬಂದವು. ಜಗತ್ತು ವಾಲ್ವ್ ಬಿಟ್ಟು ಹೊರಟಿದ್ದ ಗಳಿಗೆಯಲ್ಲಿ ನಾವು ಅದನ್ನು ಮಾಡಲು ಕಲಿತೆವು. ಇದಕ್ಕಾಗಿ ಮರುಗುವವರಿದ್ದಾರೆ. ನಮಗೆ ಹಾಗೆನಿಸುವುದಿಲ್ಲ. ವಾಲ್ವ್ ಸೆಟ್ಟಿನ ಮಾಧುರ್ಯವನ್ನು ಹೊಗಳುವಾಗ ಅದು ಕರೆಂಟು ಇದ್ದ ಮನೆಯವರ ಸೊತ್ತಾಗಿತ್ತೆಂಬುದನ್ನು ಮರೆಯಬಾರದು. ಕರೆಂಟಿಲ್ಲದ ಹಳ್ಳಿಯಲ್ಲಿ ವಾಲ್ವ್ ರೇಡಿಯೋ ನಡೆಸಲು ಭಾರೀ ಬೆಲೆಯ 90 ವೋಲ್ಟಿನ ಬ್ಯಾಟರಿ ಬೇಕಿತ್ತು. ಹೊಲದ ಬದುವಿಗೆ ರೇಡಿಯೋ ತಂದದ್ದು ನಾಲ್ಕು ಸೆಲ್ಲಿನ ಟ್ರಾನ್ಸಿಸ್ಟರ್ರೇ.

ನಮಗೆ ಚುಚ್ಚುವುದು ಬೇರೆ. ನಾವು ಮಾಡುವುದನ್ನು ಕಲಿತೆವು, ರೂಪಿಸುವುದನ್ನು ಅಷ್ಟಾಗಿ ಕಲಿಯಲಿಲ್ಲ. ಪೇಟೆಯ ರಿಪೇರಿ ಅಂಗಡಿಗಳಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಗಲ್ಲಿಗಳಲ್ಲಿ, ಕಂಪೆನಿಯ ನಕ್ಷೆಯನ್ನು ನೋಡಿ ಕೆಟ್ಟದ್ದನ್ನು ಸರಿಮಾಡುವ ಕೈಗಳು ನೂರಾರಿದ್ದವು. ಈ ರೆಸಿಸ್ಟರ್ ಇಷ್ಟೇ ಏಕೆ ಎಂದು ಕನ್ನಡದಲ್ಲಿ ಅವರಿಗೆ ಹೇಳುವ ಪುಸ್ತಕಗಳು ಮಾತ್ರ ವಿರಳ.

ಒಂದು ಉದಾಹರಣೆ ಕೊಡೋಣ. ಪ್ರಿಆಂಪ್ಲಿಫಯರ್‌ಗೆ ಎಲ್ಲರೂ ಆರಿಸುವ ವಾಲ್ವ್ ಇಸಿಸಿ83. ಅಮೆರಿಕದವರ 12ಎಎಕ್ಸ್7 ಅದೇ. ಜಾಲಹಳ್ಳಿಯಲ್ಲೂ ಅದು ತಯಾರಾಗುತ್ತಿತ್ತು. ಒಂದೇ ಬುರುಡೆಯಲ್ಲಿ ಎರಡು ಟ್ರಯೋಡ್‌ಗಳು. 250 ವೋಲ್ಟ್ ಸರಬರಾಜು, ಆನೋಡಿಗೆ 1 ಲಕ್ಷ ಓಮ್, ಕ್ಯಾಥೋಡಿಗೆ 1,500 ಓಮ್ ಹಾಕಿದರೆ ಸುಮಾರು 0.9 ಮಿಲಿಆಂಪಿಯರ್ ಹರಿಯುತ್ತದೆ. ಆ ಹರಿವಿನಿಂದ ಕ್ಯಾಥೋಡ್ 1.3 ವೋಲ್ಟಿನಷ್ಟು ಮೇಲೇರುತ್ತದೆ. ಅಂದರೆ ಗ್ರಿಡ್ ಅಷ್ಟೇ ಕೆಳಗಿದ್ದಂತಾಯಿತು, ತೂಬು ಅರ್ಧ ತೆರೆದು ನಿಂತಿತು. ಕ್ಯಾಥೋಡ್ ರೆಸಿಸ್ಟರಿಗೆ ಅಡ್ಡಲಾಗಿ ಒಂದು ಕೆಪಾಸಿಟರ್ ಇಟ್ಟರೆ ದನಿ ಐವತ್ತು ಪಟ್ಟಿಗಿಂತ ಹೆಚ್ಚು ಹಿಗ್ಗುತ್ತದೆ. ಇಷ್ಟು ತಿಳಿದವನು ನಕ್ಷೆಯ ಗುಲಾಮನಾಗಿರಬೇಕಾಗಿಲ್ಲ.

ಗ್ರಾಮಫೋನ್ ತಟ್ಟೆಗೆ ಇನ್ನೊಂದು ತೊಡಕಿದೆ. ತಟ್ಟೆ ಕೊರೆಯುವಾಗ ಕೆಳದನಿಯನ್ನು ತಗ್ಗಿಸಿ ಮೇಲ್ದನಿಯನ್ನು ಏರಿಸುತ್ತಾರೆ. ನುಡಿಸುವಾಗ ಅದನ್ನು ತಲೆಕೆಳಗು ಮಾಡಬೇಕು. ಯಾವ ಪ್ರಮಾಣದಲ್ಲಿ ಎಂಬುದಕ್ಕೆ 1954ರಲ್ಲಿ ಅಮೆರಿಕದ ಆರ್‌ಐಎಎ ಒಂದು ನಿಯಮ ಮಾಡಿತು. ನಮ್ಮ ಮನೆಗಳ ಹೆಚ್ಚಿನ ರೇಡಿಯೋಗ್ರಾಮ್‌ಗಳಲ್ಲಿ ಕ್ರಿಸ್ಟಲ್ ಪಿಕಪ್ ಇದ್ದುದರಿಂದ ಈ ತಾಪತ್ರಯವೇ ಇರಲಿಲ್ಲ. ಅದು ಸಾಕಷ್ಟು ವೋಲ್ಟ್ ಕೊಡುತ್ತಿತ್ತು, ದನಿಯ ಏರಿಳಿತವೂ ತಕ್ಕಮಟ್ಟಿಗೆ ತಾನೇ ಸರಿಹೋಗುತ್ತಿತ್ತು. ಮ್ಯಾಗ್ನೆಟಿಕ್ ಪಿಕಪ್ ಕೊಡುವುದು ಕೆಲವೇ ಮಿಲಿವೋಲ್ಟ್. ಅದಕ್ಕೆ ಎರಡು ಹಂತಗಳು ಬೇಕು.

ನಮ್ಮ ಊರುಗಳಲ್ಲಿ ಕಟ್ಟುವವರು ಪುಸ್ತಕ ಹೇಳದ ಮಾತೊಂದನ್ನೂ ಗಮನಿಸಬೇಕು. ವಾಲ್ವಿನ ಹೀಟರ್‌ಗೆ 6.3 ವೋಲ್ಟ್ ಬೇಕು, ಶೇ. 10ಕ್ಕಿಂತ ಹೆಚ್ಚು ಏರುಪೇರಾಗಬಾರದು. ಮಗ್ಗಗಳೆಲ್ಲ ಓಡುವ ಹೊತ್ತಿಗೆ, ಪಂಪ್‌ಸೆಟ್ಟುಗಳು ಎಳೆಯುವ ಹೊತ್ತಿಗೆ 230 ವೋಲ್ಟ್ 170ಕ್ಕೆ ಇಳಿದರೆ ಹೀಟರ್‌ಗೆ ಸಿಗುವುದು 4.7 ವೋಲ್ಟ್ ಮಾತ್ರ. ಕ್ಯಾಥೋಡ್ ತಣ್ಣಗಾಗಿ ದನಿ ಸೊರಗುತ್ತದೆ. ಆದ್ದರಿಂದ ಸ್ಟೆಬಿಲೈಸರ್ ಬೇಕೇಬೇಕು. ಮೊದಲ ಹಂತದ ಹೀಟರ್‌ಗೆ ಡಿಸಿ ಕೊಟ್ಟರೆ 'ಗುಂಯ್' ಎನ್ನುವ ಸದ್ದೂ ತಗ್ಗುತ್ತದೆ. ಎಸಿಯೇ ಆದರೆ ಎರಡು ತಂತಿಗಳನ್ನು ಹುರಿಮಾಡಿ ಪೆಟ್ಟಿಗೆಯ ಮೂಲೆಗೆ ಒತ್ತಿ ಎಳೆಯಬೇಕು.

ಈಗ ಹೊಸ ವಾಲ್ವ್‌ಗಳು ಸ್ಲೋವಾಕಿಯ, ರಷ್ಯ, ಚೀನಾಗಳಿಂದ ಬರುತ್ತವೆ. ಜಾಲಹಳ್ಳಿಯ ಹಳೆಯ ದಾಸ್ತಾನಿಗೆ ಹೊರದೇಶದ ಗಿಟಾರ್ ವಾದಕರಲ್ಲೂ ಗಿರಾಕಿಗಳಿದ್ದಾರೆ. ಇಲ್ಲಿ ಗುಜರಿಯವರ ತಕ್ಕಡಿಗೆ ಬೀಳುವ ಹಳೆಯ ಮೈಕ್‌ಸೆಟ್ಟಿನಲ್ಲಿ ಬಿಇಎಲ್ ಗುರುತಿನ ಬುರುಡೆ ಉಳಿದಿದ್ದರೆ ತೂಕಕ್ಕೆ ಕೊಡುವ ಮೊದಲು ಬಿಚ್ಚಿ ನೋಡಿ. ಆದರೆ ಕರೆಂಟು ತೆಗೆದ ಕೂಡಲೇ ಕೈಹಾಕಬೇಡಿ. ಒಳಗಿನ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್ ಬಹಳ ಹೊತ್ತು ನಿಂತಿರುತ್ತದೆ. ಅದನ್ನು ಒಂದು ರೆಸಿಸ್ಟರಿನ ಮೂಲಕ ಇಳಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಮುಟ್ಟಬೇಕು.