ಜಾವಾದಲ್ಲಿ ಕುಕಿಯ ಗೈರುಹಾಜರಿ

ಸರ್ವರ್ ಬಳಕೆದಾರರ ಬ್ರೌಸರಿನಲ್ಲಿ ಇರಿಸಿ, ಮುಂದಿನ ಕೋರಿಕೆಗಳೊಡನೆ ಮರಳಿ ಪಡೆಯುವ ಹೆಸರು ಮತ್ತು ಮೌಲ್ಯದ ಕಿರುಜೋಡಿಯನ್ನು ಕುಕಿ ಎನ್ನುತ್ತಾರೆ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲ್ಲಿ ಇದನ್ನು ರೂಪಿಸಿದರು. ಮೊದಲ ಭೇಟಿಯಲ್ಲಿ, ಅವಧಿ ಮುಗಿದಾಗ ಅಥವಾ ಬಳಕೆದಾರರೇ ಅಳಿಸಿದಾಗ ಕುಕಿ ಬಾರದಿರುವುದು ಸಹಜ ಸ್ಥಿತಿಯೇ ಹೊರತು ದೋಷವಲ್ಲ. ಆದರೆ ಜಾವಾ ಸರ್ವ್‌ಲೆಟ್ ವ್ಯವಸ್ಥೆಯಲ್ಲಿ ಕೋರಿಕೆಯ ಕುಕಿಗಳನ್ನು ಒದಗಿಸುವ ಗೆಟ್‌ಕುಕೀಸ್ ಎಂಬ ಮೆಥಡ್, ಒಂದೂ ಕುಕಿ ಬಾರದಿದ್ದಾಗ ಖಾಲಿ ಅರೇಯ ಬದಲು ನಲ್ ಅನ್ನು, ಅಂದರೆ ಯಾವ ವಸ್ತುವನ್ನೂ ಸೂಚಿಸದ ಮೌಲ್ಯವನ್ನು, ಹಿಂದಿರುಗಿಸುತ್ತದೆ. ಅದನ್ನು ಪರೀಕ್ಷಿಸದೆ ನೇರವಾಗಿ ಲೂಪಿಗೆ ಒಪ್ಪಿಸಿದ ಕೋಡ್ ನಲ್‌ಪಾಯಿಂಟರ್‌ಎಕ್ಸೆಪ್ಶನ್ ಎಸೆದು ಆ ಕೋರಿಕೆಯನ್ನು ಅರ್ಧಕ್ಕೇ ನಿಲ್ಲಿಸುತ್ತದೆ. ಹಳೆಯ ಕುಕಿಗಳು ಉಳಿದಿರುವ ಬ್ರೌಸರಿನಲ್ಲೇ ಪರೀಕ್ಷಿಸುವ ಪ್ರೋಗ್ರಾಮರಿಗೆ ಕಾಣದ ಈ ತಪ್ಪು ಹೊಸ ಬಳಕೆದಾರರಿಗೇ ಮೊದಲು ಎದುರಾಗುತ್ತದೆ ಎಂಬುದೇ ಇದರ ನಿಜವಾದ ಅಪಾಯ.

ಆದ್ದರಿಂದ ನಲ್ ಪರೀಕ್ಷೆಯನ್ನೂ ಹೆಸರಿನ ಹುಡುಕಾಟವನ್ನೂ ಒಂದೇ ಸಹಾಯಕ ಮೆಥಡ್‌ನಲ್ಲಿ ಅಡಕಗೊಳಿಸಿ, ಮೌಲ್ಯ ಇಲ್ಲದಿರಬಹುದೆಂದು ಬಹಿರಂಗವಾಗಿ ತಿಳಿಸುವ ಆಪ್ಷನಲ್ ರೂಪದಲ್ಲಿ, ಅಂದರೆ 2014ರ ಜಾವಾ 8ರೊಡನೆ ಬಂದ ಆವರಣದಲ್ಲಿ, ಫಲಿತಾಂಶವನ್ನು ಕೊಡುವುದು ಉತ್ತಮ. ಸ್ಪ್ರಿಂಗ್ ಚೌಕಟ್ಟಿನ ಕುಕಿವ್ಯಾಲ್ಯೂ ಆನೋಟೇಶನ್ ಕುಕಿಯನ್ನು ಕಡ್ಡಾಯವೆಂದೇ ಭಾವಿಸುವುದರಿಂದ, ಅದು ಐಚ್ಛಿಕವಾಗಿದ್ದಲ್ಲಿ ಹಾಗೆಂದು ನಮೂದಿಸಬೇಕಾಗುತ್ತದೆ. ಭಾಷೆಯ ಆಯ್ಕೆಯಂಥ ಕುಕಿ ಇಲ್ಲದಿದ್ದರೆ ಪೂರ್ವನಿಗದಿತ ಮೌಲ್ಯವೊಂದು ಸಾಕು. ಲಾಗಿನ್ ಗುರುತಿನ ಕುಕಿ ಇಲ್ಲದಿದ್ದರೆ ಮಾತ್ರ ಯಾವ ಊಹೆಗೂ ಎಡೆಗೊಡದೆ, ಬಂದವರನ್ನು ಅಪರಿಚಿತರೆಂದೇ ಪರಿಗಣಿಸಿ ಲಾಗಿನ್ ಪುಟಕ್ಕೆ ಕಳುಹಿಸಬೇಕು.